ಮೊಟ್ಟೆಗೆ ಬರೋ ಹ್ಯಾಟೆ ಅಂತ ಹೇಳಿ ಮುದಿ ಕೋಳಿ ಕೊಟ್ರು, ಕೊಳ್ಳೋ ಮುಂಚೆ ಇದನ್ನ ಓದಿ

ಊರಂಚಲ್ಲಿ ಒಂದಿಷ್ಟು ಜಾಗ ಮಾಡ್ಕೊಂಡು ಸೊಪ್ಪು, ತರಕಾರಿ, ನಾಲ್ಕು ಕೋಳಿ ಅಂತ ಶುರು ಮಾಡಿರೋರು ದಯವಿಟ್ಟು ಪೂರ್ತಿ ಓದಿ. ಹ್ಯಾಟೆ (ಇನ್ನೂ ಮೊಟ್ಟೆ ಇಡದ ಎಳೇ ಹೆಣ್ಣು ಕೋಳಿ), "ಇನ್ನೇನು ಮೊಟ್ಟೆಗೆ ಬರ್ತವೆ" ಅಂತ ಹೇಳಿ ನನಗೆ ಮುದಿ ಕೋಳಿ ಮಾರಿದ್ದಾರೆ. ಬರೀ ಮುದಿ ಅಲ್ಲ, ರೋಗದ ಕೋಳಿ.

ನಮ್ಮ ಹಿತ್ತಲಲ್ಲಿ ಮೊದಲಿಂದಲೂ ಕೋಳಿ ಇದ್ವು. ಅಡುಗೆಮನೆ ಸಿಪ್ಪೆ ಅವಕ್ಕೆ, ಅವುಗಳ ಗೊಬ್ಬರ ಪಾತಿಗೆ, ಹುಳ ಹುಪ್ಪಟೆ ಅವೇ ಆರಿಸ್ತಿದ್ವು. ಮನೆಯವರಿಗೆಲ್ಲ ಅವಂದ್ರೆ ಪ್ರಾಣ. ಇನ್ನೊಂದಿಷ್ಟು ತರೋಣ ಅಂತ ಜಾಹೀರಾತು ನೋಡಿ ಫೋನ್ ಮಾಡಿದೆ. ಫೋಟೋದಲ್ಲಿ ಕೆಂಪು ಜುಟ್ಟು, ಹೊಳೆಯೋ ಗರಿ. "18 ವಾರದ ಹ್ಯಾಟೆ ಅಕ್ಕಾ, ತೋಟದಲ್ಲಿ ಓಡಾಡ್ಕೊಂಡು ಬೆಳೆದಿರೋವು, ಲಸಿಕೆ ಎಲ್ಲಾ ಆಗಿದೆ." ಮಾತಿಗೊಂದು ಅಕ್ಕಾ.

ಹಗಲು ಬಂದು ನೋಡ್ತೀನಿ ಅಂದ್ರೆ ಬೇಡ ಅಂದ. "ಹಗಲು ಹಿಡಿದ್ರೆ ಗಾಬರಿ ಬೀಳ್ತವೆ, ಕತ್ತಲಾದ ಮೇಲೆ ಬನ್ನಿ." ಕೋಳಿ ಹಿಡಿಯೋದು ಕತ್ತಲಲ್ಲೇ ಅನ್ನೋದು ನಿಜ. ಆ ನಿಜಾನೇ ಮುಂದಿಟ್ಕೊಂಡು ಮೋಸ ಮಾಡಿದ. ನಾನು ಹೋಗೋ ಹೊತ್ತಿಗೆ ಪೆಟ್ಟಿಗೆ ಕಟ್ಟಿ ಬಾಗಿಲಲ್ಲೇ ಇಟ್ಟಿದ್ದ.

ಬೆಳಿಗ್ಗೆ ಪೆಟ್ಟಿಗೆ ತೆಗೆದೆ. ಒಂದೊಂದರ ಕೊಕ್ಕಿನ ತುದೀನೂ ಕತ್ತರಿಸಿ ಹಾಕಿದ್ದಾರೆ! ಉಗುರು ಉದ್ದುದ್ದ, ಸೊಟ್ಟಂಬಟ್ಟ. ನೆಲ ಕೆದಕಿಕೊಂಡು ಬೆಳೆದ ಕೋಳಿಗೆ ಉಗುರು ಹಂಗೆ ಇರಲ್ಲ, ಸವೆದಿರುತ್ತೆ. ಹೊರಗೆ ಬಿಟ್ರೆ ಬಿಟ್ಟ ಕಡೆನೇ ನಿಂತವು. ಮಣ್ಣು ಮುಟ್ಟಿಯೇ ಗೊತ್ತಿಲ್ಲದ ಜೀವಗಳು. ತೋಟದಲ್ಲಿ ಬೆಳೆದಿದ್ದಂತೆ, ತೋಟದಲ್ಲಿ!

ಪಶುವೈದ್ಯರ ಹತ್ರ ತಗೊಂಡು ಹೋದೆ. ಅವರು ಕಾಲು ನೋಡಿದ ತಕ್ಷಣ ಹೇಳಿದ್ರು: "ಇದು ಹಳದಿ ಕಾಲಿನ ತಳಿ. ಮೊಟ್ಟೆ ಇಡೋಕೆ ಶುರು ಮಾಡಿದ್ರೆ ಮೇವಿನ ಬಣ್ಣ ಎಲ್ಲಾ ಹಳದಿ ಲೋಳೆಗೆ ಹೋಗುತ್ತೆ. ಕಾಲು ಇಷ್ಟು ಬಿಳಿಚಿಕೊಳ್ಳಬೇಕಾದ್ರೆ ತಿಂಗಳುಗಟ್ಟಲೆ ಮೊಟ್ಟೆ ಇಟ್ಟಿರಬೇಕು. ಫಾರಂನಿಂದ ತೆಗೆದುಹಾಕಿರೋ ಕೋಳಿ ಇವು." ದೊಡ್ಡ ಫಾರಂಗಳಲ್ಲಿ 72–80 ವಾರ ಆದ್ಮೇಲೆ ಇಳುವರಿ ಕಮ್ಮಿ ಅಂತ ಸಾಮಾನ್ಯವಾಗಿ ತೆಗೆದುಹಾಕ್ತಾರೆ. ಅದನ್ನೇ ಕೊಂಡು ತಂದು 18 ವಾರ ಅಂತ ಮಾರೋದು. ಅಲ್ಲಿ ಕೂತಿದ್ದೋರೆಲ್ಲ ನನ್ನ ಮುಖಾನೇ ನೋಡ್ತಿದ್ರು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಅವನಿಗೆ ಫೋನ್ ಮಾಡಿದ್ರೆ ಏನಂದ ಗೊತ್ತಾ? ಮೊದಲು, "ಜಾಗ ಬದಲಾಗಿದೆಯಲ್ಲಾ ಅಕ್ಕಾ, ಸ್ವಲ್ಪ ದಿನ ಮೊಟ್ಟೆ ನಿಲ್ಲಿಸ್ತವೆ." ಕೊಕ್ಕಿನ ಮಾತೆತ್ತಿದೆ. "ಒಂದಕ್ಕೊಂದು ಕುಕ್ಕಬಾರದು ಅಂತ ಕತ್ತರಿಸ್ತೀವಿ." ತೋಟದಲ್ಲಿ ಓಡಾಡೋ ಕೋಳಿಗೆ ಯಾಕಪ್ಪಾ ಅಂದ್ರೆ ಮಾತಿಲ್ಲ. ಕಾಲಿನ ವಿಷಯ, ಡಾಕ್ಟರ್ ಹೇಳಿದ ವಿಷಯ ಹೇಳಿದೆ. ಅಲ್ಲಿಗೆ ಅಕ್ಕಾ ಹೋಗಿ ಮೇಡಂ ಬಂತು. "ನೋಡಿ ಮೇಡಂ, ನಿಮ್ಮ ಮೇವೇ ಸರಿಯಿಲ್ಲ. ಸಿಟಿಯವರಿಗೆ ಕೋಳಿ ಸಾಕೋಕೆ ಬರಲ್ಲ, ನಮ್ಮ ಮೇಲೆ ಹಾಕ್ತೀರಾ. ಜೀವ ಇರೋದಕ್ಕೆ ಗ್ಯಾರಂಟಿ ಯಾರು ಕೊಡ್ತಾರೆ?" ಅಂದು ಫೋನ್ ಇಟ್ಟ. ಆಮೇಲೆ ಎತ್ತಲೇ ಇಲ್ಲ. ಕೋಳಿ ಸಾಕೋಕೆ ಬರಲ್ವಂತೆ ನನಗೆ!

ದುಡ್ಡು ಹೋದ್ರೆ ಹೋಗಲಿ. ಹೊಸಾವು ಸೀನೋಕೆ ಶುರು ಮಾಡಿದ್ವು, ಕಣ್ಣಲ್ಲಿ ನೊರೆ. ಬೇರೆ ಗೂಡಲ್ಲೇ ಇಟ್ಟಿದ್ದೆ, ಆದ್ರೂ ನಮ್ಮ ಹಳೇ ಕೋಳಿಗಳಿಗೂ ಬಂತು. ಮೈಕೋಪ್ಲಾಸ್ಮಾ ಅಂತ, ಕೋಳಿಗಳ ಉಸಿರಾಟಕ್ಕೆ ಬರೋ ಅಂಟುರೋಗ. ಪಾತ್ರೆ, ಚಪ್ಪಲಿಯಿಂದಲೂ ದಾಟಿ ಹೋಗುತ್ತೆ. ಔಷಧಿಗೆ ಸೀನು ನಿಂತ್ರೂ ರೋಗಾಣು ಅವುಗಳ ಮೈಯಲ್ಲೇ ಉಳಿಯುತ್ತೆ, ಮೊಟ್ಟೆ ಮೂಲಕ ಮರಿಗೂ ಹೋಗಬಹುದು. ಅಂದ್ರೆ ನಮ್ಮ ಹೇಂಟೆ ಕಾವಿಗೆ ಕೂತ್ರೂ ಆ ಮರಿಗಳನ್ನ ಯಾರಿಗೂ ಕೊಡೋ ಹಾಗಿಲ್ಲ. ನೆರೆಮನೆಯವರು ಎರಡು ಮರಿ ಕೇಳಿದ್ರು, ಇಲ್ಲ ಅಂದೆ. ಇದಕ್ಕೆ ಯಾರು ಹೊಣೆ?

ಹಗಲು ಹೊತ್ತಲ್ಲಿ, ಕೋಳಿ ಓಡಾಡ್ತಿರೋದನ್ನ ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಕೊಕ್ಕು, ಉಗುರು, ಕಾಲು ನೋಡಿ. ಕಾಲಿನ ಪೊರೆ ಒರಟಾಗಿ ಎದ್ದಿದ್ರೆ ಸಾಮಾನ್ಯವಾಗಿ ಅದು ಎಳೇ ಕೋಳಿ ಅಲ್ಲ. ಲಸಿಕೆ ಆಗಿದೆ ಅಂದ್ರೆ ಯಾವ ಲಸಿಕೆ, ಯಾವತ್ತು ಅಂತ ಬರೆದುಕೊಡೋಕೆ ಹೇಳಿ, ತಡವರಿಸಿದ್ರೆ ವಾಪಸ್ ಬನ್ನಿ. ಕತ್ತಲಾದ ಮೇಲೆ ಬನ್ನಿ ಅಂದ್ರಂತೂ ಹೋಗಲೇಬೇಡಿ.

ನಿನ್ನೆ ಅದೇ ಫೋಟೋ, ಅದೇ "18 ವಾರದ ಹ್ಯಾಟೆ" ಅಂತ ಮತ್ತೆ ಜಾಹೀರಾತು ಹಾಕಿದ್ದಾನೆ. ಯಾರಾದ್ರೂ ಮುಂಗಡ ಕೊಟ್ಟಿದ್ರೆ ಇವತ್ತೇ ವಾಪಸ್ ಕೇಳಿ.