ಮುಖ ಬೆಳ್ಳಗಾಗುವ ಕ್ರೀಮ್ ಹಚ್ಚಿ ಕಿಡ್ನಿ ವಾರ್ಡಿಗೆ ಸೇರಿದೆ, ದಯವಿಟ್ಟು ಓದಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯ ಅಕ್ಕತಂಗಿಯರೇ, ನಿಮ್ಮ ಕನ್ನಡಿಯ ಹತ್ತಿರ ಕಂಪೆನಿಯ ವಿಳಾಸ ಇಲ್ಲದ ಬಿಳುಪಿನ ಕ್ರೀಮ್ ಡಬ್ಬಿ ಇದ್ದರೆ, ಇದನ್ನು ಪೂರ್ತಿ ಓದುವ ತನಕ ಅದನ್ನು ಮುಟ್ಟಬೇಡಿ. ನಾನು ನಾಲ್ಕು ತಿಂಗಳು ಹಚ್ಚಿದೆ. ಕೊಟ್ಟವರ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದು ಕಡೆಯ ಹೆಸರು ಹೇಳಿದರೆ ಉಳಿದ ಕಡೆ ಸಿಗುವುದು ಒಳ್ಳೆಯದು ಅಂತ ಯಾರಾದರೂ ತಿಳಿದುಕೊಂಡಾರು, ಆ ಭಯ ನನಗೆ.

ಎರಡನೇ ಹೆರಿಗೆ ಆದ ಮೇಲೆ ನನ್ನ ಎರಡೂ ಕೆನ್ನೆಗೆ ಬಂಗು ಬಂದಿತ್ತು. ಒಂಬತ್ತು ವರ್ಷದಿಂದ ಇದೆ. ಮನೆಮದ್ದು ಯಾವುದನ್ನೂ ಬಿಟ್ಟಿಲ್ಲ. ರಕ್ತಚಂದನ ತೇಯ್ದು ಹಚ್ಚಿದೆ. ಹೆಸರುಹಿಟ್ಟಿಗೆ ಮಜ್ಜಿಗೆ ಹಾಕಿ ಹಚ್ಚಿದೆ. ಲೋಳೆಸರ ಹಚ್ಚಿದೆ. ಇವುಗಳಿಂದ ಬಂಗು ಹೋಗಲಿಲ್ಲ, ಆದರೆ ತೊಂದರೆಯೂ ಆಗಲಿಲ್ಲ. ಒಂದು ಬೇಸಗೆಯಲ್ಲಿ ಮಾತ್ರ ಯಾರೋ ಹೇಳಿದರು ಅಂತ ನಿಂಬೆರಸ ಹಚ್ಚಿಕೊಂಡು ಅಂಗಳಕ್ಕೆ ಅಡಿಕೆ ಹರಡಲು ಇಳಿದೆ. ಕೆನ್ನೆ ಸುಟ್ಟ ಹಾಗೆ ಉರಿಯಿತು, ಕಲೆ ಇನ್ನೂ ಕಪ್ಪಾಯಿತು. ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ತಾಗಿದರೆ ಹೀಗಾಗುತ್ತದೆ ಎಂದು ಚರ್ಮದ ಡಾಕ್ಟರ್ ಆಮೇಲೆ ಹೇಳಿದರು. ಇದನ್ನೂ ನೆನಪಿಡಿ.

2024ರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತಮ್ಮನ ಮದುವೆ ನಿಶ್ಚಯವಾಯಿತು. ಮದುವೆ ಡಿಸೆಂಬರಿನಲ್ಲಿ. ನಿಶ್ಚಯದ ಫೋಟೋದಲ್ಲಿ ನನ್ನ ಮುಖ ನೋಡಿ ನನಗೇ ಬೇಸರ ಆಯಿತು. ಆ ವಾರ ಹುಬ್ಬು ತೆಗೆಸಲು ಹೋದಾಗ ಪಾರ್ಲರಿನ ಹುಡುಗಿ ಒಂದು ಡಬ್ಬಿ ತೋರಿಸಿದಳು. "ಚೇಚೀ, ಇದು ಗಲ್ಫಿಂದ ಬಂದದ್ದು. ರಾತ್ರಿ ಹಚ್ಚಿ ಮಲಗಿ, ಹತ್ತು ದಿನದಲ್ಲಿ ಗೊತ್ತಾಗ್ತದೆ" ಅಂದಳು. 450 ರೂಪಾಯಿ. ನಾನು ಬ್ಲೌಸ್ ಹೊಲಿದು ಸಂಪಾದಿಸುವವಳು. ನನಗೆ ಅದು ಸಣ್ಣ ದುಡ್ಡಲ್ಲ. ಆದರೂ ಕೊಟ್ಟೆ.

ಬಿಳಿ ಡಬ್ಬಿ, ಚಿನ್ನದ ಬಣ್ಣದ ಮುಚ್ಚಳ. ಮೇಲೆ ಓದಲು ಬಾರದ ಲಿಪಿ. ತಯಾರಿಸಿದವರ ವಿಳಾಸ ಇಲ್ಲ, ಬ್ಯಾಚ್ ನಂಬರ್ ಇಲ್ಲ, ತಾರೀಕು ಇಲ್ಲ. ಒಂದೇ ಒಂದು ಸಾಲು ಇಂಗ್ಲಿಷಿನಲ್ಲಿತ್ತು: ಚಿನ್ನ ಬೆಳ್ಳಿಯ ಒಡವೆಗೆ ತಾಗಿಸಬೇಡಿ. ಜಿಡ್ಡು ಹಿಡಿದು ಒಡವೆಯ ಹೊಳಪು ಹೋಗ್ತದೆ, ಅದಕ್ಕೆ ಬರೆದಿರಬೇಕು ಅಂದುಕೊಂಡೆ.

ಹನ್ನೆರಡನೇ ದಿನಕ್ಕೆ ಬಂಗು ತೆಳುವಾಯಿತು. ತಿಂಗಳಾಗುವಾಗ ಕೆನ್ನೆ ಹೊಳೆಯುತ್ತಿತ್ತು. ಕ್ರೀಮ್ ಕೆಲಸ ಮಾಡಿತು, ಇದನ್ನು ನಾನು ಮುಚ್ಚಿಡುವುದಿಲ್ಲ. ಕೆಲಸ ಮಾಡಿದ್ದರಿಂದಲೇ ನಾನು ನಂಬಿದೆ. ಬ್ಲೌಸ್ ಅಳತೆ ಕೊಡಲು ಬಂದವರೆಲ್ಲ "ಏನು ಹಚ್ಚುತ್ತೀರಿ" ಅಂತ ಕೇಳುತ್ತಿದ್ದರು. ಅಣ್ಣನ ಹೆಂಡತಿ ಅತ್ತಿಗೆಗೆ ನಾನೇ ಒಂದು ಡಬ್ಬಿ ತಂದುಕೊಟ್ಟೆ. ಆ ಒಂದು ಕೆಲಸ ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ.

ಸೆಪ್ಟೆಂಬರಿನಲ್ಲಿ ನನ್ನ ಬಲಗೈ ಉಂಗುರದ ಒಂದು ಬದಿ ಬೆಳ್ಳಿಯ ಹಾಗೆ ಬೆಳ್ಳಗಾಯಿತು. ಉಜ್ಜಿದರೂ ಹೋಗಲಿಲ್ಲ. ಮದುವೆಗೆ ಪಾಲಿಶ್ ಮಾಡಿಸುವ ಅಂತ ನಮ್ಮ ಚಿನ್ನದ ಕೆಲಸದ ಆಚಾರಿಯವರ ಹತ್ತಿರ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಅಕ್ಕಾ, ಇದಕ್ಕೆ ಪಾದರಸ ತಾಗಿದೆ. ಎಲ್ಲಿಂದ ತಾಗಿತು?" ಅಂತ ಕೇಳಿದರು. ನಮ್ಮ ಮನೆಯಲ್ಲಿ ಪಾದರಸ ಎಲ್ಲಿಂದ ಬರಬೇಕು ಅಂದೆ. ಅವರು ಮತ್ತೆ ಎರಡು ಸಲ ಕೇಳಿದರು, ಜ್ವರ ನೋಡುವ ಕಡ್ಡಿ ಒಡೆದಿದೆಯಾ ಅಂತಲೂ ಕೇಳಿದರು. ಚಿನ್ನಕ್ಕೆ ಪಾದರಸ ತಾಗಿದರೆ ಎರಡೂ ಬೆರೆತುಕೊಳ್ಳುತ್ತವೆ, ಆ ಜಾಗ ಬಿಳಿಯಾಗುತ್ತದೆ. ತಲೆತಲಾಂತರದಿಂದ ಆ ಕೆಲಸ ಮಾಡಿದವರಿಗೆ ಅದು ಗೊತ್ತು. ಡಬ್ಬಿಯ ಮೇಲಿದ್ದ ಆ ಸಾಲು ನನಗೆ ಆಗಲೇ ನೆನಪಾಗಬೇಕಿತ್ತು. ಆಗಲಿಲ್ಲ.

ಅಕ್ಟೋಬರ್ ಕೊನೆಗೆ ಬ್ಲೌಸು ಬಿಗಿಯಾಗತೊಡಗಿತು. 58 ಕಿಲೋ ಇದ್ದವಳು ಮೂರು ವಾರದಲ್ಲಿ 63 ಆದೆ. ದಪ್ಪ ಆದೆ ಅಂದುಕೊಂಡೆ. ಫೋನಿನಲ್ಲಿ ಮನೆಯಲ್ಲೇ ತೂಕ ಇಳಿಸುವ ವಿಡಿಯೋ ಎಷ್ಟು ಬೇಕಾದರೂ ಸಿಗುತ್ತದೆ ಅಲ್ವಾ. ಬೆಳಗ್ಗೆ ಜೀರಿಗೆ ನೀರು, ದಿನಕ್ಕೆ ನಾಲ್ಕು ಲೀಟರ್ ನೀರು, ರಾತ್ರಿ ಅನ್ನ ಬಿಟ್ಟೆ, ಹಗ್ಗದಾಟ 200 ಸಲ. ಬೆವರು ಸುರಿದ ಮೇಲೆ ಉಪ್ಪು ಹಾಕಿದ ನಿಂಬೆ ಶರಬತ್ತು. ತೂಕ 66ಕ್ಕೆ ಹೋಯಿತು. ನನ್ನ ಪ್ರಯತ್ನ ಸಾಲದು ಅಂತ ಹಗ್ಗದಾಟ 300 ಮಾಡಿದೆ.

ಅದು ಕೊಬ್ಬು ಆಗಿರಲಿಲ್ಲ, ನೀರು. ಕಿಡ್ನಿ ಕೆಟ್ಟು ಮೈಯಲ್ಲಿ ನೀರು ನಿಂತಿತ್ತು. ಅದರ ಮೇಲೆ ನಾನು ಉಪ್ಪು ತಿಂದು, ನಾಲ್ಕು ಲೀಟರ್ ನೀರು ಕುಡಿಯುತ್ತಿದ್ದೆ. ವ್ಯಾಯಾಮ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಊಟ ಬದಲಾಗದೆ ಮೂರು ವಾರದಲ್ಲಿ ಐದು ಕಿಲೋ ಏರಿದರೆ ಅದನ್ನು ಬೊಜ್ಜು ಅಂತ ಸುಮ್ನೆ ತೀರ್ಮಾನ ಮಾಡಬೇಡಿ. ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳಿನಿಂದ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿಯಿರಿ. ಬೆರಳು ತೆಗೆದಾಗ ಗುಳಿ ಹಾಗೇ ಉಳಿದರೆ ಅಲ್ಲಿ ನೀರು ನಿಂತಿದೆ. ಸಂಜೆ ಕಾಲಿನಲ್ಲಿ ಚಪ್ಪಲಿ ಪಟ್ಟಿಯ ಗುರುತು ಆಳವಾಗಿ ಮೂಡುತ್ತಿತ್ತು. ಬೆಳಗ್ಗೆ ಏಳುವಾಗ ಕಣ್ಣಿನ ಸುತ್ತ ಊದಿರುತ್ತಿತ್ತು. ಬಳೆ ಕಳಚಲು ಸೋಪು ಬೇಕಾಯಿತು. ಅಳತೆ ಟೇಪ್ ಕೈಯಲ್ಲೇ ಇರುವ ಕೆಲಸ ನನ್ನದು. ಒಂದು ದಿನ ಮೀನಖಂಡ ಅಳೆದು ನೋಡಿದೆ, ಹಿಂದಿನ ತಿಂಗಳಿಗಿಂತ ಎರಡು ಇಂಚು ಜಾಸ್ತಿ!

ಇನ್ನೊಂದು ಮಾತು ನಾಚಿಕೆ ಬಿಟ್ಟು ಬರೆಯುತ್ತೇನೆ. ಮೂತ್ರದಲ್ಲಿ ನೊರೆ. ಸೋಪಿನ ನೀರು ಕಲಕಿದ ಹಾಗೆ. ಒಂದು ಬಕೆಟ್ ನೀರು ಸುರಿದರೂ ಹೋಗುತ್ತಿರಲಿಲ್ಲ. ಕಕ್ಕಸು ತೊಳೆಯುವ ಲಿಕ್ವಿಡ್ ಉಳಿದಿರಬೇಕು ಅಂತ ಎರಡು ವಾರ ಕಳೆದೆ. ಹಾಗೆ ನೊರೆ ಬಂದರೆ ದೇಹದ ಪ್ರೋಟೀನ್ ಮೂತ್ರದಲ್ಲಿ ಹೋಗುತ್ತಿರಬಹುದು.

ಊರಿನ ಡಾಕ್ಟರ್ ನನ್ನ ಕಾಲು ಒತ್ತಿ ನೋಡಿ ಕೂಡಲೇ ಮೂತ್ರ ಪರೀಕ್ಷೆ ಮಾಡಿಸಿದರು. ಪ್ರೋಟೀನ್ ನಾಲ್ಕು ಪ್ಲಸ್, ಅಂದರೆ ತುಂಬಾ ಹೆಚ್ಚು. ಮರುದಿನವೇ ಮಂಗಳೂರಿಗೆ ಹೋಗಿ ಅಂದರು. ಕಾಸರಗೋಡಿನ ನಮಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ ಅಲ್ವಾ. 2020ರಲ್ಲಿ ಕೊರೋನಾ ಸಮಯ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಎಷ್ಟು ರೋಗಿಗಳು ಒದ್ದಾಡಿದರು ಅಂತ ಬಸ್ಸಿನಲ್ಲಿ ಅದೇ ಜಾಗ ದಾಟುವಾಗ ನೆನಪಾಯಿತು. ಬಸ್ಸು ಹೋಗ್ತಾ ಇದೆಯಲ್ಲ, ಅಷ್ಟು ಸಾಕು ಅನ್ನಿಸಿತು.

ಕಿಡ್ನಿ ಡಾಕ್ಟರ್ ರಿಪೋರ್ಟ್ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ಅಮ್ಮಾ, ಮುಖಕ್ಕೆ ಏನು ಹಚ್ತೀರಿ?" ಅಂತ ಕೇಳಿದರು. ಗಂಡ ಪಕ್ಕದಲ್ಲೇ ನಿಂತಿದ್ದರು. ಬೆಳ್ಳಗಾಗಲು ಇಷ್ಟು ದುಡ್ಡು ಕೊಟ್ಟೆ ಅಂತ ಅವರಿಗೆ ನಾನು ಹೇಳಿರಲಿಲ್ಲ. "ಏನೂ ಇಲ್ಲ ಸರ್, ಪೌಡರ್ ಮಾತ್ರ" ಅಂದುಬಿಟ್ಟೆ. ಡಾಕ್ಟರ್ ಸುಮ್ಮನೆ ಒಂದು ಚೀಟಿ ಬರೆದು, ಬಿಲ್ ಕಟ್ಟಿ ಬನ್ನಿ ಅಂತ ನನ್ನ ಗಂಡನನ್ನು ಕೆಳಗೆ ಕಳುಹಿಸಿದರು. ಬಾಗಿಲು ಮುಚ್ಚಿದ ಮೇಲೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ನಾನು ಅತ್ತುಬಿಟ್ಟೆ. ಕ್ರೀಮಿನ ಕಥೆ ಹೇಳಿದೆ, ಉಂಗುರದ ಕಥೆಯನ್ನೂ ಹೇಳಿದೆ. ಆ ಡಾಕ್ಟರ್ ಎರಡನೇ ಸಲ ಕೇಳದೆ ಇದ್ದಿದ್ದರೆ ನಾನು ಮನೆಗೆ ಬಂದು ಅದೇ ರಾತ್ರಿ ಮತ್ತೆ ಹಚ್ಚುತ್ತಿದ್ದೆ.

ಬಯಾಪ್ಸಿ ಮಾಡಿದರು. ಕವುಚಿ ಮಲಗಿಸಿ, ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೂಜಿಯಿಂದ ಕಿಡ್ನಿಯ ಚೂರು ತೆಗೆಯುತ್ತಾರೆ. ನೋವು ಅಷ್ಟಿಲ್ಲ, ಆಮೇಲೆ ಒಂದು ದಿನ ಅಲುಗಾಡದೆ ಮಲಗುವುದೇ ಕಷ್ಟ. ಕಾಯಿಲೆಯ ಹೆಸರು ಮೆಂಬ್ರೇನಸ್ ನೆಫ್ರೋಪತಿ. ಕಿಡ್ನಿಯ ಸೋಸುವ ಪೊರೆಗೆ ನಮ್ಮದೇ ದೇಹದ ರೋಗನಿರೋಧಕ ಶಕ್ತಿ ಹಾನಿ ಮಾಡುತ್ತದೆ. ಪೊರೆ ಸೋರಿ ಪ್ರೋಟೀನ್ ಹೊರಗೆ ಹೋಗುತ್ತದೆ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ 3.5ರ ಮೇಲೆ ಇರಬೇಕು, ನನಗೆ 2.1 ಇತ್ತು. ಹೀಗಾದಾಗ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ರಕ್ತ, ಮೂತ್ರ ಎರಡರಲ್ಲೂ ಪಾದರಸ ಸಿಕ್ಕಿತು.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಪಾದರಸ ಅದು ತಯಾರಾಗದಂತೆ ತಡೆಯುತ್ತದೆ. ಅದಕ್ಕೇ ಮುಖ ಅಷ್ಟು ಬೇಗ ಬೆಳ್ಳಗಾಗುವುದು. ಆದರೆ ಅದು ಚರ್ಮದಲ್ಲೇ ನಿಲ್ಲುವುದಿಲ್ಲ, ಒಳಗೆ ಇಳಿದು ರಕ್ತಕ್ಕೆ ಸೇರಿ ಕಿಡ್ನಿಯಲ್ಲಿ ಕೂರುತ್ತದೆ.

ನಮ್ಮದೇ ಕೇರಳ ರಾಜ್ಯದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಡಾಕ್ಟರುಗಳು ಇದನ್ನು ಮೊದಲೇ ಕಂಡುಹಿಡಿದಿದ್ದರು. 2021ರ ಜುಲೈಯಿಂದ 2023ರ ಸೆಪ್ಟೆಂಬರ್ ವರೆಗೆ ಇದೇ ಕಾಯಿಲೆಯ 22 ಮಂದಿಯನ್ನು ಅವರು ನೋಡಿದರು. ಅವರಲ್ಲಿ 15 ಮಂದಿಗೆ ಇದ್ದದ್ದು ನೆಲ್-1 ಎಂಬ ಅಪರೂಪದ ಬಗೆ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಹಚ್ಚಿದ್ದರು. 2024ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನನ್ನ ಡಾಕ್ಟರ್ ಅದನ್ನು ಓದಿದ್ದರಿಂದಲೇ ಮೊದಲು ಮುಖ ನೋಡಿದ್ದು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲೇ ಆಪರೇಷನ್ ಸೌಂದರ್ಯ ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ಶುರು ಮಾಡಿತ್ತು. ನಮ್ಮ ದೇಶದ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಹಾಕುವಂತೆಯೇ ಇಲ್ಲ. ತಾನಾಗಿ ಸೇರಿಕೊಂಡರೂ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು ಮೀರಬಾರದು. 2025ರಲ್ಲಿ ಆರೋಗ್ಯ ಸಚಿವೆ ವೀಣಾ ಜಾರ್ಜ್, ಪರೀಕ್ಷೆಗೆ ಕಳುಹಿಸಿದ ಲಿಪ್‌ಸ್ಟಿಕ್, ಫೇಸ್ ಕ್ರೀಮುಗಳಲ್ಲಿ ಮಿತಿಗಿಂತ 12,000 ಪಟ್ಟು ಪಾದರಸ ಸಿಕ್ಕಿದೆ ಎಂದರು. ಮನೆಯಲ್ಲಿ ಮಲಗಿ ಆ ಸುದ್ದಿ ಓದಿದಾಗ ಕೈ ನಡುಗಿತು.

ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಬೇರೆ. ನನ್ನ ಮಗಳು ನನ್ನ ತಲೆದಿಂಬಿನಲ್ಲೇ ಮಲಗುವವಳು, ಕೆನ್ನೆಗೆ ಕೆನ್ನೆ ಒತ್ತಿ. ಪಾದರಸ ದಿಂಬಿನ ಚೀಲ, ಟವೆಲ್, ಕೈಗಳ ಮೂಲಕ ಮಕ್ಕಳಿಗೂ ಹೋಗುತ್ತದೆ, ಆವಿಯಾಗಿ ಉಸಿರಿನಲ್ಲೂ ಹೋಗುತ್ತದೆ ಎಂದು ಡಾಕ್ಟರ್ ಹೇಳಿದರು. ಅವಳ ಮೂತ್ರ ಪರೀಕ್ಷೆ ಮಾಡಿಸಿದೆವು. ಪ್ರೋಟೀನ್ ಇರಲಿಲ್ಲ, ಪಾದರಸ ಸ್ವಲ್ಪ ಇತ್ತು. ಒಂಬತ್ತು ವರ್ಷದ ಮಗು. ಅವಳು ಏನು ಮಾಡಿದ್ದಳು ಹೇಳಿ? ಮೂರು ತಿಂಗಳ ನಂತರ ಮತ್ತೆ ನೋಡಿದಾಗ ಕಡಿಮೆಯಾಗಿತ್ತು. ದಿಂಬಿನ ಚೀಲ, ಟವೆಲ್ ಎಲ್ಲ ಬಿಸಾಡಿದೆ.

ತಮ್ಮನ ಮುಹೂರ್ತದ ದಿನ ನಾನು ಆಸ್ಪತ್ರೆಯಲ್ಲಿದ್ದೆ. ನೀರು ಇಳಿಯುವ ಮಾತ್ರೆ, ಬಿಪಿಯ ಮಾತ್ರೆ, ಉಪ್ಪು ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಪೂರ್ತಿ ಬಂದ್. ಮುಖ್ಯ ಮದ್ದು ಅಂದರೆ ಕ್ರೀಮ್ ನಿಲ್ಲಿಸಿದ್ದೇ. ಕೋಟ್ಟಕ್ಕಲ್‌ನಲ್ಲಿಯೂ ಹೆಚ್ಚಿನವರು ಕ್ರೀಮ್ ನಿಲ್ಲಿಸಿದ ಮೇಲೆ ಚೇತರಿಸಿಕೊಂಡಿದ್ದರು. ನನಗೆ ಪ್ರೋಟೀನ್ ನಿಲ್ಲಲು ಎಂಟು ತಿಂಗಳು ಬೇಕಾಯಿತು. ಬಂಗು ವಾಪಸ್ ಬಂತು, ಮೊದಲಿಗಿಂತ ಕಪ್ಪಾಗಿ. ಈಗ ಚರ್ಮದ ಡಾಕ್ಟರ್ ಹೇಳಿದ ಸನ್‌ಸ್ಕ್ರೀನ್ ಹಚ್ಚುತ್ತೇನೆ, ಬಿಸಿಲಿಗೆ ಕೊಡೆ ಹಿಡಿಯುತ್ತೇನೆ, ಸ್ನಾನಕ್ಕೆ ಹೆಸರುಹಿಟ್ಟು, ಒಣ ಚರ್ಮಕ್ಕೆ ತೆಂಗಿನೆಣ್ಣೆ. ಬೆಳಗ್ಗೆ ಅರ್ಧ ಗಂಟೆ ತೋಟದ ದಾರಿಯಲ್ಲಿ ನಡೆಯುತ್ತೇನೆ. ಅಷ್ಟೇ.

ಡಬ್ಬಿ ನೋಡುವಾಗ ತಯಾರಿಸಿದವರ ಪೂರ್ತಿ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಷ್ಟು ದಿನದೊಳಗೆ ಬಳಸಬೇಕು ಎಂಬುದು ಇದೆಯಾ ನೋಡಿ. ಹೊರದೇಶದ್ದಾದರೆ ಇಲ್ಲಿ ತರಿಸಿದವರ ವಿಳಾಸ, ನೋಂದಣಿ ನಂಬರ್ ಇರಬೇಕು. ಮರ್ಕ್ಯುರಿ, ಮರ್ಕ್ಯುರಿಕ್, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಅಂತ ಬರೆದಿದ್ದರೆ ಅದು ಪಾದರಸವೇ. ಒಡವೆಗೆ ತಾಗಿಸಬೇಡಿ ಅಂತ ಇದ್ದರೂ ಬೇಡ. ಏನೂ ಬರೆಯದೆ ಇದ್ದರೆ ಅದು ಇನ್ನೂ ಅಪಾಯ. ಡಬ್ಬಿಯನ್ನು ಒಲೆಗೆ, ಬಾವಿ ಕಟ್ಟೆಯ ಹತ್ತಿರ, ಗೊಬ್ಬರದ ಗುಂಡಿಗೆ ಹಾಕಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಔಷಧ ನಿಯಂತ್ರಣ ಇಲಾಖೆಯವರಿಗೆ ಕೊಡಿ. ನಾನು ಎರಡೂ ಡಬ್ಬಿ ಅಲ್ಲಿಗೇ ಕೊಟ್ಟೆ.

ಇಂಥ ಕ್ರೀಮ್ ಈಗಾಗಲೇ ಹಚ್ಚಿದವರು ಹತ್ತಿರದ ಲ್ಯಾಬಿಗೆ ಹೋಗಿ, ಬೆಳಗ್ಗಿನ ಮೊದಲ ಮೂತ್ರ ಕೊಟ್ಟು ಪ್ರೋಟೀನ್ ನೋಡಲು ಹೇಳಿ. ದೊಡ್ಡ ಖರ್ಚಿನ ಪರೀಕ್ಷೆ ಅಲ್ಲ. ಡಾಕ್ಟರ ಹತ್ತಿರ ಕ್ರೀಮಿನ ವಿಷಯ ಹೇಳಲೇಬೇಕು. ಮನೆಯವರ ಎದುರು ಬಾಯಿಬಿಡಲು ಕಷ್ಟವಾದರೆ ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ಅತ್ತಿಗೆ ಹಾಗೆಯೇ ಮಾಡಿದರು. ಅವರಿಗೆ ಒಂದು ಪ್ಲಸ್ ಇತ್ತು, ಎರಡು ತಿಂಗಳಲ್ಲಿ ಹೋಯಿತು.