ಏರೋಪಾಕ್ಸಿ, ಎಂಜಿಎಸ್, ವೆಸ್ಟ್: ಮೂರನ್ನೂ ಬೇರೆ ಬೇರೆ ಕಲಸಿ ನೋಡಿದ್ಮೇಲೆ

ಕಿಟ್ ವಿಮಾನ ಕಟ್ಟೋಕೆ ಗ್ಲಾಸ್ ಬಟ್ಟೆಗೆ ಹಚ್ಚೋ ಮೂರು ಎಪಾಕ್ಸಿ ರೆಸಿನ್‌ಗಳ (ಹಾರ್ಡನರ್ ಅನ್ನೋ ಇನ್ನೊಂದು ದ್ರವ ಬೆರೆಸಿದ್ರೆ ಗಟ್ಟಿಯಾಗೋ ಅಂಟು) ಬಗ್ಗೆ ಇದು. ಶುರುನಲ್ಲಿ ನಾನು ಮಾಡಿದ ದಡ್ಡತನ ಅಂದ್ರೆ ಡೇಟಾಶೀಟ್‌ಗಳನ್ನ ಪಕ್ಕಪಕ್ಕ ಇಟ್ಕೊಂಡು ಯಾವ ರೆಸಿನ್ ಸ್ಟ್ರೆಂತ್ ಜಾಸ್ತಿ ಅಂತ ನೋಡ್ತಾ ಕೂತಿದ್ದು. ಎಳೆತ ತಡೆಯೋದು ಗ್ಲಾಸ್ ಬಟ್ಟೆ ಕಣ್ರೀ, ರೆಸಿನ್ ಆ ಎಳೆಗಳನ್ನ ಜಾಗದಲ್ಲಿ ಹಿಡಿದಿಡುತ್ತೆ ಅಷ್ಟೇ. ನೋಡ್ಬೇಕಾಗಿದ್ದು ಬಿಸಿಲಿಗೆ ಮೆತ್ತಗಾಗುತ್ತಾ, ಕಪ್‌ನಲ್ಲಿ ಎಷ್ಟು ಹೊತ್ತು ಇರುತ್ತೆ, ಬಟ್ಟೆ ಒಳಗೆ ಸಲೀಸಾಗಿ ಇಳಿಯುತ್ತಾ ಅಂತ.

ಇನ್ನು ಅಗ್ಗ ಅಂತ ಪಾಲಿಯೆಸ್ಟರ್ ರೆಸಿನ್ ಕಡೆ ಹೋಗ್ಲೇಬೇಡಿ. ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ, 1975ರಲ್ಲಿ ಮೊದಲು ಹಾರಿದ ವೇರಿ ಈಜಿ ವಿಮಾನದ ತರ ಪಾಲಿಸ್ಟೈರೀನ್ ಫೋಮ್ ಕೊರೆದು ರೆಕ್ಕೆ ಮಾಡೋರಾದ್ರೆ ಅದ್ರಲ್ಲಿರೋ ಸ್ಟೈರೀನ್ ಫೋಮನ್ನೇ ಕರಗಿಸಿಬಿಡುತ್ತೆ.

ಏರೋಪಾಕ್ಸಿ ಪಿಆರ್ 2032, ಜೊತೆಗೆ 3660 ಹಾರ್ಡನರ್. ತೂಕದಲ್ಲಿ 100 ಭಾಗ ರೆಸಿನ್‌ಗೆ 27 ಭಾಗ ಹಾರ್ಡನರ್. ವಾಸನೆ ಕಮ್ಮಿ, ಕಲಿಯೋರಿಗೆ ಒಳ್ಳೇದು, ಆದ್ರೆ ಶೆಡ್ ತಣ್ಣಗಿದ್ರೆ ಜೇನುತುಪ್ಪದ ತರ ಮಂದ ಆಗಿ ಸ್ಕ್ವೀಜೀ (ರೆಸಿನ್ ಹರಡೋ ಪಟ್ಟಿ) ಎಳೆದೂ ಎಳೆದೂ ಕೈ ನೋವು. ಡಬ್ಬನ ಸ್ವಲ್ಪ ಬೆಚ್ಚಗೆ ಇಟ್ರೆ ಸರಿಹೋಗುತ್ತೆ.

ಎಂಜಿಎಸ್ ಎಲ್ 285 ನನ್ನ ಫೇವರಿಟ್. ಗ್ಲೈಡರ್ ಕಟ್ಟೋರು ಬಳಸೋದು, ಜರ್ಮನಿ ವಿಮಾನಯಾನ ಇಲಾಖೆ ಒಪ್ಪಿಗೆ ಇದೆ. ಇದೂ ತೂಕದಲ್ಲಿ 100ಕ್ಕೆ 40, ತೆಳ್ಳಗಿದೆ, ಬಿಳಿ ಬಟ್ಟೆ ಮೇಲೆ ಸುರಿದ್ರೆ ನೋಡ್ತಾ ಇದ್ದಂಗೇ ಗಾಜಿನ ತರ ಪಾರದರ್ಶಕ ಆಗುತ್ತೆ, ಎಲ್ಲಿ ಬೆಳ್ಳಗೆ ಉಳೀತೋ ಅಲ್ಲಿ ಗಾಳಿ ಇದೆ ಅಂತ ಲೆಕ್ಕ. ಫಾಸ್ಟ್ 285, ಸ್ಲೋ 287 ಹಾರ್ಡನರ್ ಎರಡನ್ನೂ ಬೆರೆಸಿ ನಮಗೆ ಬೇಕಾದ ಟೈಮ್ ಹೊಂದಿಸ್ಕೋಬಹುದು. ಆದ್ರೆ ಪೋಸ್ಟ್ ಕ್ಯೂರ್ ಬಿಡೋ ಹಾಗಿಲ್ಲ, ಅಂದ್ರೆ ಗಟ್ಟಿಯಾದ್ಮೇಲೆ ಬಿಸಿ ಕೊಟ್ಟು ಹದ ಮಾಡಿದ್ರೇನೇ ಅದು ನಿಜವಾಗ್ಲೂ ಬಿಸಿಲು ತಡ್ಕೊಳ್ಳೋದು. ಹೀಗೆ ಬಟ್ಟೆ, ರೆಸಿನ್ ಸೇರಿಸಿ ಮಾಡಿದ ಕಾಂಪೋಸಿಟ್ ವಿಮಾನಗಳು ಹೆಚ್ಚಾಗಿ ಬಿಳಿ ಇರೋದೂ ಈ ಬಿಸಿಲಿನ ಕಾಟಕ್ಕೇನೇ.

ವೆಸ್ಟ್ ಸಿಸ್ಟಮ್ 105 ದೋಣಿಯವರ ರೆಸಿನ್. 205 ಹಾರ್ಡನರ್ ಜೊತೆ ತೂಕದಲ್ಲಲ್ಲ, ಗಾತ್ರದ ಅಳತೆಯಲ್ಲಿ 5ಕ್ಕೆ 1. ಒಣಗಿದ್ಮೇಲೆ ಮೇಲೆ ಜಿಡ್ಡು ಪದರ ಬರುತ್ತೆ, ನೀರಲ್ಲಿ ಉಜ್ಜಿ ತೊಳೀದೇ ಮುಂದಿನ ಲೇಯರ್ ಹಾಕಿದ್ರೆ ಅಂಟೋದು ಡೌಟು. ಮೈಕ್ರೋ (ಸಣ್ಣ ಟೊಳ್ಳು ಗಾಜಿನ ಗುಂಡುಗಳ ಪುಡಿ) ಕಲಸಿ ಫಿನಿಶಿಂಗ್ ಮಾಡೋಕೆ ಇಟ್ಕೊಂಡಿದೀನಿ, ರೆಕ್ಕೆ ಭಾರ ಹೊರೋ ಸ್ಪಾರ್‌ಗೆ ನಾನಂತೂ ಹಾಕಲ್ಲ.

ಒಂದ್ಸಲ ಆತುರಕ್ಕೆ 400 ಗ್ರಾಂ ಒಂದೇ ಆಳದ ಕಪ್‌ನಲ್ಲಿ ಕಲಸಿಟ್ಟು ಬಟ್ಟೆ ಕತ್ತರಿಸೋಕೆ ಹೋದೆ, ಬರೋಷ್ಟರಲ್ಲಿ ಹೊಗೆ, ಕಪ್ ಸೊಟ್ಟಗಾಗಿ ಬೆಂಚಿಗೆ ಅಂಟ್ಕೊಂಡಿತ್ತು. ಕಲಸಿದ ರೆಸಿನ್ ತಾನೇ ಬಿಸಿಯಾಗುತ್ತೆ, ಆಳದ ಕಪ್‌ನಲ್ಲಿ ಆ ಬಿಸಿ ಹೊರಗೆ ಹೋಗಲ್ಲ. ಈಗ ಸ್ವಲ್ಪ ಸ್ವಲ್ಪ ಕಲಸಿ ಅಗಲ ತಟ್ಟೆಗೆ ಸುರೀತೀನಿ. ಬೇಗ ಗಟ್ಟಿಯಾಗ್ಲಿ ಅಂತ ಹಾರ್ಡನರ್ ಜಾಸ್ತಿ ಹಾಕೋದು ಮಾತ್ರ ಬೇಡವೇ ಬೇಡ, ಸರಿಯಾಗಿ ಗಟ್ಟಿಯಾಗದೆ ಕೆಲಸ ದುರ್ಬಲ ಆಗುತ್ತೆ. ಗ್ಲೌಸ್ ಹಾಕೊಳ್ಳಿ, ಅಲರ್ಜಿ ಒಮ್ಮೆ ಶುರುವಾದ್ರೆ ಪ್ರಾಜೆಕ್ಟೇ ನಿಂತ್ಹೋಗುತ್ತೆ.

ಯಾವುದೇ ಆಗ್ಲಿ, ನಿಮ್ಮ ಕಿಟ್ ಪ್ಲಾನ್‌ನಲ್ಲಿ ಒಪ್ಪಿರೋ ಪಟ್ಟಿಯಲ್ಲಿ ಇರ್ಬೇಕು. ಪ್ರತಿ ಲೇಅಪ್ (ಬಟ್ಟೆ ಹಾಸಿ ರೆಸಿನ್ ಹಚ್ಚೋದು) ಆದ್ಮೇಲೂ ಕಪ್‌ನ ತಳದಲ್ಲಿ ಉಳಿದಿದ್ದನ್ನ ತಾರೀಖು ಬರೆದು ಎತ್ತಿಡ್ತೀನಿ, ಮರುದಿನ ಉಗುರು ಊರಿ ನೋಡ್ತೀನಿ, ಗುರುತು ಬಿತ್ತು ಅಂದ್ರೆ ಅವತ್ತು ಆ ಭಾಗ ಮುಟ್ಟೋದೇ ಇಲ್ಲ.