ಸಂಜೆ ಆರೂವರೆಯ ಪಟ್ಟಿ: ಅಡಿಕೆ ಮಂಡಿಯಲ್ಲಿ ಲಿಬ್ರೆಆಫೀಸ್ ಕ್ಯಾಲ್ಕ್, ಮೂರು ಸೀಸನ್ ಬಳಸಿದ ಮೇಲೆ

ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಕಂಪ್ಯೂಟರ್ ಓದಿದವನಲ್ಲ, ಬಿಕಾಂ ಮುಗಿಸಿ ಬಂದು ಇಲ್ಲಿ ಕೂತವನು. ಆದರೆ ಪ್ರಿಂಟರ್ ಹಾಳಾದರೂ ನನ್ನನ್ನೇ ಕರೆಯುತ್ತಾರೆ, ಫ್ಯಾನ್ ತಿರುಗದಿದ್ದರೂ ನನ್ನನ್ನೇ. ಹಾಗಾಗಿ ಸಂಜೆ ಪಟ್ಟಿ ಮಾಡುವ ಕೆಲಸವನ್ನು ಯಂತ್ರಕ್ಕೆ ಹಚ್ಚುವುದೂ ನನ್ನ ತಲೆಗೇ ಬಂತು. ಹಚ್ಚಿದ್ದು ಲಿಬ್ರೆಆಫೀಸ್ ಕ್ಯಾಲ್ಕ್‌ಗೆ, ಅಂದರೆ ಎಕ್ಸೆಲ್ ಥರ ಲೆಕ್ಕದ ಹಾಳೆ ಮಾಡುವ ಪುಕ್ಕಟೆ ಪ್ರೋಗ್ರಾಮಿಗೆ.

ಪಟ್ಟಿ ಅಂದರೆ ಗೊತ್ತಲ್ಲ, ರೈತರ ಮಾಲು ಮಾರಾಟವಾದ ಮೇಲೆ ಕೊಡುವ ಲೆಕ್ಕದ ಚೀಟಿ. ಯಾವ ಲಾಟು, ಅಡಿಕೆಯ ಬಗೆ ರಾಶಿಯೋ ಚಾಲಿಯೋ ಸಿಪ್ಪೆಗೋಟೋ, ಚೀಲದ ತೂಕ ಕಳೆದು ಎಷ್ಟು, ದರ ಎಷ್ಟು, ಹಮಾಲಿ ಎಷ್ಟು, ಮಳೆಗಾಲದಲ್ಲಿ ತಗೊಂಡ ಮುಂಗಡಕ್ಕೆ ಎಷ್ಟು ಮುರಿದುಕೊಂಡಿದ್ದು. ಟೆಂಡರ್ ಮುಗಿದ ಮೇಲೆ ಬಿಲ್ಲಿಂಗ್ ಕಂಪ್ಯೂಟರಿನಿಂದ ಒಂದು ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಕಾಲಂ ಬೇರ್ಪಡಿಸಿದ ಸಾದಾ ಅಕ್ಷರದ ಫೈಲ್) ಬರುತ್ತದೆ. ಆರೂವರೆಗೆ ಒಂದು ಸ್ಕ್ರಿಪ್ಟ್ (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ತಾನಾಗಿ ಎದ್ದು, ಕ್ಯಾಲ್ಕ್ ಮ್ಯಾಕ್ರೋ (ಕ್ಯಾಲ್ಕ್ ಒಳಗೆ ಓಡುವ ಪುಟ್ಟ ಪ್ರೋಗ್ರಾಮ್) ಓಡಿಸಿ, ಖಾತೆ ಫೈಲ್ ತಿದ್ದಿ, ಒಬ್ಬೊಬ್ಬರಿಗೂ ಒಂದು ಪಿಡಿಎಫ್ ಮಾಡಿಡಬೇಕು. ಅಷ್ಟೇ ಕೆಲಸ. 2022ರ ನವೆಂಬರ್‌ನಿಂದ ಇದನ್ನು ಲಿಬ್ರೆಆಫೀಸ್‌ನಲ್ಲೇ ಮಾಡುತ್ತಿದ್ದೇನೆ. ಶುರು ಮಾಡಿದ್ದು 7.3ರಲ್ಲಿ, ಈಗ 24.8. ನಡುವೆ ಏನೋ ಹದಿನೇಳು ಆವೃತ್ತಿ ಹಾರಿದೆ ಅಂದುಕೊಳ್ಳಬೇಡಿ. 2024ರಿಂದ ಅವರು ವರ್ಷ ಮತ್ತು ತಿಂಗಳಿನ ಲೆಕ್ಕದಲ್ಲಿ ನಂಬರ್ ಕೊಡುತ್ತಿದ್ದಾರೆ.

ಮೊದಲೇ ಹೇಳಿಬಿಡುತ್ತೇನೆ, ಕ್ಯಾಲ್ಕ್ ನನಗೆ ಇಷ್ಟ. ದುಡ್ಡು ಕೊಡಬೇಕಿಲ್ಲ, ಹಳೆಯ ಡೆಸ್ಕ್‌ಟಾಪಿನಲ್ಲಿ ಲಿನಕ್ಸ್ ಹಾಕಿಕೊಂಡು ನಡೆಯುತ್ತದೆ. ಕಿಟಕಿ ತೆರೆದು ಕೂತು ಕೆಲಸ ಮಾಡುವವರಿಗೆ ತೊಂದರೆಯೇ ಇಲ್ಲ. ಕಿಟಕಿ ಇಲ್ಲದೆ, ಅಂದರೆ ಕಮಾಂಡ್ ಲೈನಿನಿಂದ ಹೆಡ್‌ಲೆಸ್ ಆಗಿ ಓಡಿಸಲು ಹೊರಟರೆ ಮಾತ್ರ ಅದು ಮೂಗನ ಹಾಗೆ. ಹೊಟ್ಟೆನೋವು ಬಂದರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಮೊದಲ ವಾರದ ಕಥೆ ಬೇಗ ಮುಗಿಸುತ್ತೇನೆ. ಮ್ಯಾಕ್ರೋವನ್ನು ಖಾತೆ ಫೈಲಿನೊಳಗೇ ಬರೆದಿದ್ದೆ. ಹೊರಗಿನಿಂದ ಕರೆದರೆ ಏನೂ ಆಗುತ್ತಿರಲಿಲ್ಲ. ಕಮಾಂಡಿನಲ್ಲಿ 'ಮ್ಯಾಕ್ರೋ' ಪದ, ಒಂದು ಕೋಲನ್, ಆಮೇಲೆ ಮೂರು ಗೀಟು ಹಾಕಿ ಹೆಸರು ಕೊಟ್ಟರೆ ಅದು ಹುಡುಕುವುದು 'ಮೈ ಮ್ಯಾಕ್ರೋಸ್' ಅನ್ನುವ ಜಾಗದಲ್ಲಿ, ನಿಮ್ಮ ಫೈಲಿನಲ್ಲಲ್ಲ. ಜೊತೆಗೆ ಫೈಲಿನೊಳಗಿನ ಮ್ಯಾಕ್ರೋಗೆ ಸೆಕ್ಯುರಿಟಿ ಕಾವಲೂ ಇದೆ. ಮೈ ಮ್ಯಾಕ್ರೋಸ್‌ಗೆ ಸಾಗಿಸಿದೆ, ಎರಡೂ ತಲೆನೋವು ಹೋಯಿತು. ಆಮೇಲೆ ಇನ್ನೊಂದು ಗೊತ್ತಾಯಿತು. 'ದಿಸ್‌ಕಾಂಪೊನೆಂಟ್' ಎಂದರೆ ಈಗ ತೆರೆದಿರುವ ಫೈಲ್ ಎಂದು ಅಭ್ಯಾಸದಿಂದ ಬರೆದಿದ್ದೆ. ಹೆಡ್‌ಲೆಸ್‌ನಲ್ಲಿ ಯಾವ ಫೈಲೂ ತೆರೆದಿರುವುದೇ ಇಲ್ಲವಲ್ಲ! 'ಲೋಡ್‌ಕಾಂಪೊನೆಂಟ್‌ಫ್ರಮ್‌ಯುಆರ್‌ಎಲ್' ಬರೆದು, 'ಹಿಡನ್' ಎಂದು ಹೇಳಿ, ನಾವೇ ತೆರೆಯಬೇಕು. ಫೈಲಿನ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ 'ಕನ್ವರ್ಟ್‌ಟುಯುಆರ್‌ಎಲ್' ಹಾಕದೆ ಬಿಡಬೇಡಿ. ಮ್ಯಾಕ್ರೋ ಹೆಸರಿನ ಮುಂದೆ ಆವರಣ ಚಿಹ್ನೆ ಹಾಕಿ ಏನಾದರೂ ಕಳಿಸುವುದಿದ್ದರೆ ಇಡೀ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಡಿ, ಇಲ್ಲದಿದ್ದರೆ ಕಮಾಂಡ್ ಓದುವ ಬ್ಯಾಶ್ ಬಾಗಿಲಲ್ಲೇ ತಡೆಯುತ್ತದೆ.

ಕೈಯಿಂದ ಓಡಿಸಿದರೆ ಎಲ್ಲಾ ಸರಿ ಬಂತು. ಕ್ರಾನ್‌ಗೆ ಹಾಕಿದೆ. ಕ್ರಾನ್ ಅಂದರೆ ಹೇಳಿದ ಹೊತ್ತಿಗೆ ಕೆಲಸ ಎಬ್ಬಿಸುವ ಲಿನಕ್ಸಿನ ಗಡಿಯಾರ. ಮಾರನೇ ದಿನ ಸಂಜೆ ಸಾಹುಕಾರರು ಕ್ಯಾಲ್ಕ್ ತೆರೆದುಕೊಂಡು ಏನೋ ಬಡ್ಡಿ ಲೆಕ್ಕ ನೋಡುತ್ತಿದ್ದರು. ಸರಿಯಾಗಿ ಆರೂವರೆಗೆ ಅವರ ಮುಂದೆ 'ಸೇವ್ ಮಾಡಲಾ ಬೇಡವಾ' ಎಂದು ಕೇಳುವ ಪೆಟ್ಟಿಗೆ ಎದ್ದಿತು. ಏನೋ ಒತ್ತಿದರು. ಕಿಟಕಿ ಮುಚ್ಚಿಕೊಂಡಿತು.

"ಏ ಮಾರಾಯಾ, ನಾನು ಏನೂ ಮುಟ್ಟಿಲ್ಲ, ಇದು ತಾನೇ ಹೋಯ್ತು" ಎಂದರು.

ಅವರ ಮಾತು ನಿಜವೇ ಆಗಿತ್ತು. ಒಂದೇ ಪ್ರೊಫೈಲ್‌ನಲ್ಲಿ (ನಮ್ಮ ಸೆಟ್ಟಿಂಗು, ಮ್ಯಾಕ್ರೋ ಎಲ್ಲಾ ಇರುವ ಫೋಲ್ಡರಿನಲ್ಲಿ) ಲಿಬ್ರೆಆಫೀಸ್ ಆಗಲೇ ಓಡುತ್ತಿದ್ದರೆ, ನಾವು ಹೊಸದಾಗಿ ಕೊಟ್ಟ ಕಮಾಂಡ್ ಆ ಓಡುತ್ತಿರುವುದಕ್ಕೇ ಹೋಗಿ ಸೇರುತ್ತದೆ. ಬೇರೆ ಪ್ರತಿ ಹುಟ್ಟುವುದಿಲ್ಲ. ನನ್ನ ಮ್ಯಾಕ್ರೋದ ಕೊನೆಯ ಸಾಲು ಏನು? 'ಸ್ಟಾರ್‌ಡೆಸ್ಕ್‌ಟಾಪ್ ಟರ್ಮಿನೇಟ್'. ಕೆಲಸ ಮುಗಿಸಿ ಅಂಗಡಿ ಬಾಗಿಲು ಹಾಕು ಎಂದು. ಅದು ಸಾಹುಕಾರರು ಒಳಗೆ ಕೂತಿದ್ದಾಗಲೇ ಬಾಗಿಲು ಹಾಕಿತು.

ಇದಕ್ಕೆ ದಾರಿ ಇದೆ. ಕಮಾಂಡಿನಲ್ಲಿ 'ಯೂಸರ್ ಇನ್‌ಸ್ಟಾಲೇಶನ್' ಎಂಬ ಎನ್ವಿ ಆಯ್ಕೆಗೆ ಬೇರೆ ಫೋಲ್ಡರ್ ತೋರಿಸಿದರೆ ಸ್ಕ್ರಿಪ್ಟಿಗೆ ತನ್ನದೇ ಪ್ರೊಫೈಲ್ ಸಿಗುತ್ತದೆ. ಸಾಹುಕಾರರ ಕಿಟಕಿ ಸಾಹುಕಾರರಿಗೆ, ಸ್ಕ್ರಿಪ್ಟಿನದು ಸ್ಕ್ರಿಪ್ಟಿಗೆ. ಹಾಗೇ ಮಾಡಿದೆ. ಸರಿ, ಅವತ್ತು ಸಂಜೆ ಪಟ್ಟಿಯೇ ಬರಲಿಲ್ಲ. ಯಾಕೆ ಅಂದರೆ ಹೊಸ ಪ್ರೊಫೈಲ್ ಅಂದರೆ ಹೊಸ ಮನೆ, ಒಳಗೆ ಸಾಮಾನೇ ಇಲ್ಲ. ನನ್ನ ಮ್ಯಾಕ್ರೋ ಹಳೆಯ ಪ್ರೊಫೈಲಿನಲ್ಲೇ ಉಳಿದಿತ್ತು. 'ಯೂಸರ್' ಫೋಲ್ಡರಿನ ಒಳಗಿನ 'ಬೇಸಿಕ್' ಫೋಲ್ಡರನ್ನು ನಕಲು ಮಾಡಿ ಅಲ್ಲಿಗೆ ಹಾಕಿದೆ. ಓಡಿತು. ಪಿಡಿಎಫ್‌ಗಳು ಸಾಲಾಗಿ ಬಂದು ಬಿದ್ದವು. ಅವತ್ತು ಹೋಟೆಲಿಗೆ ಹೋಗಿ ಎರಡು ಬನ್ಸ್ ಜಾಸ್ತಿ ತಿಂದೆ.

ನಿಜವಾದ ಪೆಟ್ಟು ಬಿದ್ದಿದ್ದು ಆಮೇಲೆ. ಡಿಸೆಂಬರ್ 5ನೇ ತಾರೀಕು ಮಾಲು ಕೊಟ್ಟಿದ್ದ ಹೆಗಡೇರೊಬ್ಬರು ಪಟ್ಟಿ ಹಿಡಿದುಕೊಂಡು ಬಂದರು. ಸಿಟ್ಟಿರಲಿಲ್ಲ, ಮುಖದಲ್ಲಿ ನಗು.

"ಅಲ್ಲ ತಮ್ಮಾ, ಸಾಲ ತಗೊಂಡವನಿಗೆ ಮಂಡಿಯವರೇ ಬಡ್ಡಿ ಕೊಡೋ ಕಾಲ ಬಂತಾ?"

ನೋಡಿದೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ಅವರು ಆಗಸ್ಟ್ 8ಕ್ಕೆ 40,000 ರೂಪಾಯಿ ಮುಂಗಡ ತಗೊಂಡಿದ್ದರು. ವರ್ಷಕ್ಕೆ ನೂರಕ್ಕೆ 12ರಂತೆ 119 ದಿನಕ್ಕೆ 1,565 ರೂಪಾಯಿ ಬಡ್ಡಿ ಮುರಿಯಬೇಕು. ಪಟ್ಟಿಯಲ್ಲಿ 1,157 ರೂಪಾಯಿ ಅವರಿಗೇ ಸೇರಿಸಿ ಕೊಟ್ಟಿತ್ತು. ಮಂಡಿಗೆ 2,722 ರೂಪಾಯಿ ಖೋತಾ, ಒಬ್ಬರ ಪಟ್ಟಿಯಲ್ಲೇ.

ಆಗಿದ್ದು ಇಷ್ಟು. ಸಿಎಸ್‌ವಿಯಲ್ಲಿ ತಾರೀಕು 05/12/2022 ಎಂದಿತ್ತು. ನನ್ನ ಪ್ರೊಫೈಲಿನಲ್ಲಿ ಭಾರತದ ಲೊಕೇಲ್ (ಭಾಷೆ, ದೇಶದ ಸೆಟ್ಟಿಂಗು) ಇಟ್ಟುಕೊಂಡಿದ್ದೆ, ಹಾಗಾಗಿ ಕೈಯಿಂದ ಓಡಿಸುವಾಗ ದಿನ, ತಿಂಗಳು, ವರ್ಷ ಎಂದೇ ಓದಿಕೊಳ್ಳುತ್ತಿತ್ತು. ಹೊಸ ಪ್ರೊಫೈಲಿಗೆ ಅದು ಗೊತ್ತಿಲ್ಲ. ಕ್ರಾನ್ ಎಬ್ಬಿಸಿದ ಕೆಲಸಕ್ಕೆ ನಮ್ಮ ಭಾಷೆ, ದೇಶದ ಸೆಟ್ಟಿಂಗೂ ಸಿಕ್ಕಿರಲಿಲ್ಲ. ಅದು ಅಮೆರಿಕದ ಇಂಗ್ಲಿಷ್ ಹಿಡಿದುಕೊಂಡು ಮೇ 12 ಎಂದು ಓದಿತು. ಮಾರಾಟವೇ ಮುಂಗಡಕ್ಕಿಂತ 88 ದಿನ ಮುಂಚೆ ಆದ ಹಾಗಾಯಿತು. ದಿನ ಮೈನಸ್, ಬಡ್ಡಿಯೂ ಮೈನಸ್.

ಇದರಲ್ಲಿ ಇನ್ನೊಂದು ಕಿತಾಪತಿ ಇದೆ. 13ನೇ ತಾರೀಕಿನಿಂದ ಮುಂದೆ ಹದಿಮೂರನೇ ತಿಂಗಳು ಇಲ್ಲದ ಕಾರಣ ಅದು ತಾರೀಕು ಎಂದೇ ಒಪ್ಪುವುದಿಲ್ಲ, ಸುಮ್ನೆ ಅಕ್ಷರ ಎಂದು ಇಟ್ಟುಕೊಳ್ಳುತ್ತದೆ. ತಿಂಗಳ ಮೊದಲ ಹನ್ನೆರಡು ದಿನ ಒಂದು ಥರ ತಪ್ಪು, ಉಳಿದ ದಿನ ಇನ್ನೊಂದು ಥರ. ಕಂಡುಹಿಡಿಯಲು ಒಂದು ಸುಲಭ ಉಪಾಯ: ಫೈಲನ್ನು ಕಿಟಕಿಯಲ್ಲಿ ತೆರೆದು ತಾರೀಕಿನ ಕಾಲಂ ನೋಡಿ. ನಿಜವಾದ ತಾರೀಕು ಬಲಕ್ಕೆ ಒತ್ತಿಕೊಂಡಿರುತ್ತದೆ, ಅಕ್ಷರವಾದದ್ದು ಎಡಕ್ಕೆ.

ಪರಿಹಾರಕ್ಕೆ ಲೊಕೇಲ್ ನಂಬಿಕೊಳ್ಳಲೇ ಇಲ್ಲ. ಸಿಎಸ್‌ವಿ ತೆರೆಯುವಾಗ 'ಫಿಲ್ಟರ್ ಆಪ್ಷನ್ಸ್' ಎಂದು ಒಂದು ಸಾಲು ಕೊಡಬಹುದು. ನನ್ನದು 44,34,76,1,1/4. 44 ಅಂದರೆ ಕಾಲಂ ಬೇರ್ಪಡಿಸುವುದು ಅಲ್ಪವಿರಾಮ, 34 ಉದ್ಧರಣ ಚಿಹ್ನೆ, 76 ಯುಟಿಎಫ್-8 ಎಂಬ ಅಕ್ಷರ ಸಂಕೇತ, ಆಮೇಲಿನ 1 ಎಂದರೆ ಮೊದಲ ಸಾಲಿನಿಂದ ಓದು. ಕೊನೆಯ 1/4 ಮುಖ್ಯ: ಒಂದನೇ ಕಾಲಂ ತಾರೀಕು, ಅದೂ ದಿನ ಮೊದಲು ತಿಂಗಳು ಆಮೇಲೆ. 4ರ ಬದಲು 3 ಹಾಕಿದರೆ ತಿಂಗಳು ಮೊದಲು, 5 ಹಾಕಿದರೆ ವರ್ಷ ಮೊದಲು. ಈ ಒಂದು ಅಂಕಿ ಗೊತ್ತಿದ್ದಿದ್ದರೆ ಹಳೆಯ ಪಟ್ಟಿಗಳನ್ನೆಲ್ಲ ಎರಡು ರಾತ್ರಿ ಕೂತು ತಿದ್ದುವುದು ತಪ್ಪುತ್ತಿತ್ತು.

ಈ ತಪ್ಪು ನನ್ನದು, ಸಾಫ್ಟ್‌ವೇರಿನದಲ್ಲ. ಆದರೆ ಅಷ್ಟೂ ದಿನ ಅದು ಒಂದು ಸಲವೂ ಕೆಮ್ಮಲಿಲ್ಲವಲ್ಲ, ಅದು ನನ್ನ ದೂರು. ಹೆಡ್‌ಲೆಸ್‌ನಲ್ಲಿ ತಪ್ಪಾದರೆ ಬರುವ ಸಂದೇಶದ ಪೆಟ್ಟಿಗೆ ಯಾರಿಗೂ ಕಾಣುವುದಿಲ್ಲ. ಮ್ಯಾಕ್ರೋ ಅರ್ಧಕ್ಕೆ ಬಿದ್ದರೂ ನನ್ನ ಯಂತ್ರದಲ್ಲಿ ಎಕ್ಸಿಟ್ ಕೋಡ್ 0 ಎಂದೇ ಬರುತ್ತದೆ, ಅಂದರೆ ಎಲ್ಲಾ ಕ್ಷೇಮ ಎಂದು. ಹಾಗಾಗಿ ಅದರ ಮಾತು ನಂಬುವುದು ಬಿಟ್ಟೆ. ಈಗ ಮ್ಯಾಕ್ರೋದಲ್ಲಿ ಎಲ್ಲೂ ಮೆಸೇಜ್ ಬಾಕ್ಸ್ ಇಲ್ಲ. ಒಂದು ಲಾಗ್ ಫೈಲ್ ಇದೆ. ಸಿಎಸ್‌ವಿ ತೆರೆದೆ, ಇಷ್ಟು ಲಾಟು ಸಿಕ್ಕಿತು, ಇಷ್ಟು ಪಟ್ಟಿ ಆಯಿತು ಎಂದು ಹೆಜ್ಜೆಹೆಜ್ಜೆಗೂ ಒಂದು ಸಾಲು ಬರೆಯುತ್ತದೆ. 'ಆನ್ ಎರರ್ ಗೋಟು' ಹಾಕಿ, ಎಡವಿದರೆ 'ಇಆರ್‌ಎಲ್' ಕೊಡುವ ಸಾಲಿನ ನಂಬರನ್ನೂ ತಪ್ಪಿನ ಹೆಸರನ್ನೂ ಅದರಲ್ಲೇ ಬರೆಸುತ್ತೇನೆ. ಸ್ಕ್ರಿಪ್ಟು ಕೊನೆಯಲ್ಲಿ ಪಿಡಿಎಫ್‌ಗಳನ್ನು ಎಣಿಸಿ, ಸಿಎಸ್‌ವಿಯಲ್ಲಿರುವ ರೈತರ ಲೆಕ್ಕಕ್ಕೆ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಕಂಪ್ಯೂಟರ್ ಜೋರಾಗಿ ಕೂಗುತ್ತದೆ, ಹಮಾಲರು ಕೂಡ ತಿರುಗಿ ನೋಡುವ ಹಾಗೆ. 'ಟೈಮ್‌ಔಟ್' ಕಮಾಂಡ್ ಸಹ ಹಾಕಿದ್ದೇನೆ. 300 ಸೆಕೆಂಡಿನಲ್ಲಿ ಮುಗಿಯದಿದ್ದರೆ ಎತ್ತಿ ಹೊರಗೆ ಹಾಕು ಎಂದು.

ಕ್ರಾನ್ ಬಗ್ಗೆ ಎರಡೇ ಮಾತು. ಪ್ರೋಗ್ರಾಮಿನ ಪೂರ್ತಿ ದಾರಿ ಬರೆಯಿರಿ, ನಿಮ್ಮ ಟರ್ಮಿನಲ್ಲಿಗೆ ಗೊತ್ತಿರುವುದು ಅದಕ್ಕೆ ಗೊತ್ತಿರುವುದಿಲ್ಲ. ಮತ್ತೆ ಕ್ರಾನ್ ಸಾಲಿನಲ್ಲಿ ಶೇಕಡಾ ಚಿಹ್ನೆ ಬಂದರೆ ಅದರ ಹಿಂದೆ ಹಿಮ್ಮುಖ ಗೀಟು ಹಾಕಿ, ಇಲ್ಲದಿದ್ದರೆ ಅದನ್ನು ಹೊಸ ಸಾಲು ಎಂದು ತಿಳಿಯುತ್ತದೆ. ತಾರೀಕಿನ ಹೆಸರಿನಲ್ಲಿ ಲಾಗ್ ಇಡಲು ಹೋಗಿ ನಾನು ಇದಕ್ಕೆ ಒಂದು ಭಾನುವಾರ ಕಳೆದೆ.

ಮಲೆನಾಡಿನವರಿಗೆ ಕರೆಂಟಿನ ವಿಷಯ ಹೇಳಬೇಕಾ? ಯುಪಿಎಸ್ ಬ್ಯಾಟರಿಯೂ ಸೋತ ಒಂದು ದಿನ ಸರಿಯಾಗಿ ಆರೂವರೆಗೆ ಕರೆಂಟು ಹೋಯಿತು. ಬಂದ ಮೇಲೆ ಓಡಿಸಿದರೆ ಖಾತೆ ಫೈಲ್ ಸೇವ್ ಆಗಲೊಲ್ಲದು. ಫೋಲ್ಡರಿನಲ್ಲಿ 'ಲಾಕ್' ಎಂಬ ಅಡಗಿದ ಫೈಲ್ ಒಂದು ಉಳಿದುಬಿಟ್ಟಿತ್ತು. ಈಗ ಸ್ಕ್ರಿಪ್ಟು ಮೊದಲು ಖಾತೆ ಬೇರೆಲ್ಲೂ ತೆರೆದಿಲ್ಲ ಎಂದು ಖಚಿತ ಮಾಡಿಕೊಂಡು ಆ ಲಾಕನ್ನು ಅಳಿಸುತ್ತದೆ. 'ನೋರಿಸ್ಟೋರ್' ಆಯ್ಕೆಯನ್ನೂ ಕೊಟ್ಟಿದ್ದೇನೆ, ಹಳೆಯ ಫೈಲ್ ಉಳಿಸಿಕೊಡಲಾ ಎಂದು ಕಾಣದ ಕಿಟಕಿಯಲ್ಲಿ ಕೇಳುತ್ತಾ ಕೂರಬಾರದು ಎಂದು. ಅವತ್ತು ಗಾಬರಿಯಲ್ಲಿ ಎರಡು ಸಲ ಓಡಿಸಿ ಕೆಲವರ ಮುಂಗಡವನ್ನು ಎರಡೆರಡು ಸಲ ಮುರಿದುಬಿಟ್ಟಿದ್ದೆ. ಆಮೇಲಿನಿಂದ, ಖಾತೆಯಲ್ಲಿ ಆಗಲೇ ಇರುವ ಲಾಟ್ ನಂಬರನ್ನು ಮ್ಯಾಕ್ರೋ ದಾಟಿಕೊಂಡು ಹೋಗುತ್ತದೆ. ಎಷ್ಟು ಸಲ ಓಡಿಸಿದರೂ ಲೆಕ್ಕ ಒಂದೇ.

ಕನ್ನಡದ ವಿಷಯಕ್ಕೆ ಬಂದರೆ ದೂರು ಕಡಿಮೆ. ಪಿಡಿಎಫ್‌ನಲ್ಲಿ ಹೆಸರಿನ ಬದಲು ಚೌಕ ಚೌಕ ಬಂದರೆ ಕನ್ನಡ ಫಾಂಟ್ ಇಲ್ಲ ಎಂದು ಅರ್ಥ. ಉಬುಂಟುವಿನಲ್ಲಿ 'ಫಾಂಟ್ಸ್-ಕೆಎನ್‌ಡಿಎ' ಹಾಕಿಕೊಂಡರೆ ಮುಗಿಯಿತು. ಒತ್ತಕ್ಷರ ಎಲ್ಲಾ ಸರಿಯಾಗಿ ಕೂರುತ್ತದೆ. ಹಳೆಯ ನುಡಿ ತಂತ್ರಾಂಶದಲ್ಲಿ, ಯುನಿಕೋಡ್ ಅಲ್ಲದ ಕಾಲದಲ್ಲಿ ಟೈಪ್ ಮಾಡಿದ ಹೆಸರುಗಳಿದ್ದರೆ ಮಾತ್ರ ಇಂಗ್ಲಿಷ್ ಅಕ್ಷರ ಚೆಲ್ಲಿದ ಹಾಗೆ ಕಾಣುತ್ತದೆ. ಅವನ್ನು ಒಮ್ಮೆ ಕೂತು ಯುನಿಕೋಡ್‌ಗೆ ಬದಲಾಯಿಸಿಕೊಳ್ಳಲೇಬೇಕು.

ಎಕ್ಸೆಲ್ ಬಿಟ್ಟು ಇದಕ್ಕೆ ಯಾಕೆ ಬಂದೆ ಎಂದು ಕೇಳುವವರಿದ್ದಾರೆ. ಮೊದಲು ವಿಂಡೋಸ್‌ನಲ್ಲಿ ವಿಬಿಸ್ಕ್ರಿಪ್ಟ್ ಎಂಬ ಮೈಕ್ರೋಸಾಫ್ಟ್‌ನವರ ಸ್ಕ್ರಿಪ್ಟ್ ಭಾಷೆಯಿಂದ ಎಕ್ಸೆಲ್ ಎಬ್ಬಿಸುತ್ತಿದ್ದೆ. ಕೆಲಸ ಆಗುತ್ತಿತ್ತು. ಆದರೆ ಯಾರೂ ಮುಂದೆ ಕೂತಿರದಾಗ ಆಫೀಸ್ ಪ್ರೋಗ್ರಾಮುಗಳನ್ನು ಹೀಗೆ ಓಡಿಸುವುದನ್ನು ತಾವು ಶಿಫಾರಸು ಮಾಡುವುದಿಲ್ಲ ಎಂದು ಮೈಕ್ರೋಸಾಫ್ಟ್‌ನವರೇ ಬರೆದಿದ್ದಾರೆ. 2023ರಲ್ಲಿ ವಿಬಿಸ್ಕ್ರಿಪ್ಟನ್ನೇ ಹಂತಹಂತವಾಗಿ ಕೈಬಿಡುತ್ತೇವೆ ಎಂದೂ ಹೇಳಿದರು. ಅಷ್ಟರಲ್ಲಿ ನಾನು ಜಾಗ ಬದಲಿಸಿ ಆಗಿತ್ತು. ಹಳೆಯ ಮ್ಯಾಕ್ರೋಗೆ 'ಆಪ್ಷನ್ ವಿಬಿಎಸಪೋರ್ಟ್ 1' ಹಾಕಿದರೆ ಒಂದಿಷ್ಟು ನಡೆಯುತ್ತದೆ, ಪೂರ್ತಿ ಅಲ್ಲ. ಹೊಸದಾಗಿ ಬರೆಯುವುದೇ ವಾಸಿ. ಬರೆಯುವಾಗ ಒಂದು ನೆನಪಿಡಿ: ಇಲ್ಲಿ ಸೆಲ್ ಹಿಡಿಯುವಾಗ ಕಾಲಂ ಮೊದಲು, ಸಾಲು ಆಮೇಲೆ, ಎಣಿಕೆ ಸೊನ್ನೆಯಿಂದ. ಎಕ್ಸೆಲ್ ಕೈಗೆ ಇದು ಉಲ್ಟಾ. ಒಂದೊಂದೇ ಸೆಲ್ ತುಂಬುವ ಬದಲು ಇಡೀ ಪಟ್ಟಿಯನ್ನು 'ಸೆಟ್‌ಡೇಟಾಅರೇ'ಯಿಂದ ಒಮ್ಮೆಲೇ ಸುರಿದರೆ, ಚಹಾ ಕುಡಿದು ಬರುವಷ್ಟು ಹೊತ್ತಿನ ಕೆಲಸ ಚಹಾ ಬರುವುದರೊಳಗೆ ಆಗುತ್ತದೆ.

ಯಾರು ಬಳಸಬಹುದು? ಮಂಡಿ, ಹಾಲಿನ ಡೈರಿ, ಸಣ್ಣ ಸೊಸೈಟಿ, ಇಂಥ ಕಡೆ ಲಾಗ್ ಫೈಲ್ ತೆರೆದು ಓದುವ ತಾಳ್ಮೆ ಇರುವ ಒಬ್ಬರಾದರೂ ಇದ್ದರೆ ಧಾರಾಳವಾಗಿ ಬಳಸಬಹುದು. ಒಮ್ಮೆ ಹಚ್ಚಿಟ್ಟು ಮರೆತುಬಿಡುತ್ತೇವೆ ಅನ್ನುವವರು ಬೇಡ. ಸೀಸನ್ ನಡುವೆ ಆವೃತ್ತಿ ಬದಲಿಸಲೂ ಬೇಡಿ. ನಾನು ಮಳೆಗಾಲದಲ್ಲಿ, ಮಂಡಿಗೆ ಮಾಲು ಬರುವುದು ಕಡಿಮೆ ಇದ್ದಾಗ ಬದಲಿಸಿ, ಹಿಂದಿನ ಡಿಸೆಂಬರಿನ ಸಿಎಸ್‌ವಿ ಹಾಕಿ ಪಟ್ಟಿ ಹಳೆಯದಕ್ಕೆ ತಾಳೆಯಾಗುತ್ತದಾ ಎಂದು ನೋಡುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ಮೂಗತನಕ್ಕೆ. ಬಗೆಹರಿಯದ್ದು ಇನ್ನೂ ಒಂದಿದೆ. ಲಾಟು ಜಾಸ್ತಿ ಇರುವ ದೊಡ್ಡ ತೋಟದವರ ಪಟ್ಟಿ ಎರಡನೇ ಪುಟಕ್ಕೆ ಹೋದಾಗ, ಮೊತ್ತ ಒಂದು ಪುಟದಲ್ಲಿ, ಸಹಿಯ ಗೆರೆ ಇನ್ನೊಂದು ಪುಟದಲ್ಲಿ ಬೀಳುತ್ತದೆ. ಅಂಥವರು ವಾರಕ್ಕೆ ಇಬ್ಬರೋ ಮೂವರೋ ಇರುತ್ತಾರೆ. ಸದ್ಯಕ್ಕೆ ಮೊತ್ತದ ಕೆಳಗೆ ಸ್ಕೇಲಿಟ್ಟು ಪೆನ್ನಿನಲ್ಲೇ ಗೆರೆ ಎಳೆದು ಸಹಿ ಹಾಕಿಸಿಕೊಳ್ಳುತ್ತಿದ್ದೇನೆ.